ನಿಂತ ಫೋನು, ಓಡುವ ಗೋಪುರ

1998ರ ನವೆಂಬರ್ 1ರಂದು ಇರಿಡಿಯಂ ಫೋನ್ ಸೇವೆ ಶುರುವಾಯಿತು. 66 ಉಪಗ್ರಹಗಳ ಜಾಲ, ಸುಮಾರು 500 ಕೋಟಿ ಡಾಲರ್ ಖರ್ಚು, ಹತ್ತು ವರ್ಷಗಳ ದುಡಿಮೆ. ಧ್ರುವಪ್ರದೇಶದಲ್ಲಾಗಲಿ ನಡುಗಡಲಿನಲ್ಲಾಗಲಿ ನಿಂತು ಕೈಯಲ್ಲಿರುವ ಫೋನಿನಿಂದಲೇ ಮಾತಾಡಬಹುದಿತ್ತು. ಹತ್ತು ತಿಂಗಳು ತುಂಬುವ ಮುಂಚೆಯೇ, 1999ರ ಆಗಸ್ಟ್‌ನಲ್ಲಿ, ಕಂಪನಿ ದಿವಾಳಿಯೆದ್ದಿತು. ತಪ್ಪು ಉಪಗ್ರಹಗಳದ್ದಾಗಿರಲಿಲ್ಲ. ಆರಂಭದ ತೊಡಕುಗಳನ್ನು ಬಿಟ್ಟರೆ, ಕರೆಯೊಂದು ಒಂದು ಉಪಗ್ರಹದಿಂದ ಮತ್ತೊಂದಕ್ಕೆ ದಾಟುವ ಲೆಕ್ಕ, ಬೀಮುಗಳ (ನೆಲದ ಒಂದೊಂದು ತುಂಡಿನ ಮೇಲೆ ಬೀಳುವ ಸಂಕೇತದ ಕಿರಣಗಳ) ಲೆಕ್ಕ, ಆವರ್ತನಗಳ ಹಂಚಿಕೆಯ ಲೆಕ್ಕ ಎಲ್ಲವೂ ಕಾಗದದಲ್ಲಿದ್ದಂತೆಯೇ ಆಕಾಶದಲ್ಲೂ ನಡೆದವು. ಕೈಕೊಟ್ಟದ್ದು ಬೇರೊಂದು ಲೆಕ್ಕ. ಅದರ ಮಾತು ಮುಂದೆ ಬರುತ್ತದೆ.

ಉಪಗ್ರಹ ಜಾಲವೊಂದನ್ನು ಹಾರಿಸಿದ ಮೇಲೆ ತಿದ್ದುವುದು ಬಹುಮಟ್ಟಿಗೆ ಆಗದ ಕೆಲಸ. ಊರಿನ ಮೊಬೈಲ್ ಗೋಪುರದಲ್ಲಿ ದಟ್ಟಣೆ ಹೆಚ್ಚಾದರೆ ಪಕ್ಕದಲ್ಲಿ ಇನ್ನೊಂದು ಗೋಪುರ ಎಬ್ಬಿಸಬಹುದು, 780 ಕಿ.ಮೀ. ಮೇಲೆ ಸುತ್ತುತ್ತಿರುವ ಆಂಟೆನಾಕ್ಕೆ ಹಾಗೆ ಮಾಡಲಾಗದು. ಆದ್ದರಿಂದ ಎಷ್ಟು ಕರೆ ಹಿಡಿಸುತ್ತದೆ, ಎಷ್ಟು ಮಂದಿಗೆ ಸಾಲು (ಲೈನ್) ಸಿಗುವುದಿಲ್ಲ, ಮಾತಿನ ನಡುವೆ ಎಷ್ಟು ಕರೆ ಕಡಿಯುತ್ತದೆ, ದನಿ ಎಷ್ಟು ತಡವಾಗಿ ಮುಟ್ಟುತ್ತದೆ ಎಂಬುದನ್ನೆಲ್ಲ ಮೊದಲೇ ಗಣಿತದಲ್ಲಿ ಕಂಡುಕೊಳ್ಳಬೇಕು. ಇದಕ್ಕೆ ಬೇಕಾದ ಮಾದರಿಗಳ ಚರಿತ್ರೆಯನ್ನು ಓದುವಾಗ ಒಂದೊಂದು ಮಾದರಿಗೂ ಒಂದೇ ಪ್ರಶ್ನೆ ಹಾಕುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ: ಇದು ಯಾವುದನ್ನು ಅಲುಗಾಡುವುದಿಲ್ಲ ಎಂದು ಹಿಡಿದಿದೆ? ಎಲ್ಲವನ್ನೂ ಚಲಿಸಲು ಬಿಟ್ಟರೆ ಗಣಿತ ಕೈಗೆ ಸಿಗುವುದಿಲ್ಲ. ಏನನ್ನಾದರೂ ಕಟ್ಟಿ ನಿಲ್ಲಿಸಲೇಬೇಕು. ಕಾಲಕಾಲಕ್ಕೆ ಕಟ್ಟಿದ್ದು ಬೇರೆಬೇರೆ.

ಕೋಪನ್‌ಹೇಗನ್ನಿನ ಲೆಕ್ಕ

ಮೂಲ ಗಣಿತ ಉಪಗ್ರಹಗಳಿಗಿಂತ ಬಹಳ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ 1909ರಲ್ಲಿ, ಕರೆಗಳು ಬರುವ ರೀತಿ ಪೊಯ್ಸಾನ್ ಹಂಚಿಕೆಯನ್ನು ಅನುಸರಿಸುತ್ತದೆ ಎಂದು ತೋರಿಸಿದ. ಯಾರು ಯಾವಾಗ ಫೋನ್ ಎತ್ತುತ್ತಾರೋ ಹೇಳಲಾಗದು. ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಜನರ ಒಟ್ಟು ನಡವಳಿಕೆಗೆ ಒಂದು ಕಟ್ಟು ಇರುತ್ತದೆ. 1917ರಲ್ಲಿ ಅವನು ಇನ್ನೊಂದು ಹೆಜ್ಜೆ ಇಟ್ಟು, ಇಷ್ಟು ಸಾಲುಗಳಿದ್ದು ಇಷ್ಟು ದಟ್ಟಣೆ ಬಂದರೆ ಎಷ್ಟು ಕರೆಗಳಿಗೆ ಜಾಗ ಸಿಗುವುದಿಲ್ಲ ಎಂಬ ಸೂತ್ರ ಕೊಟ್ಟ. ಇಂದಿಗೂ ದೂರಸಂಪರ್ಕದ ವಿದ್ಯಾರ್ಥಿ ಮೊದಲು ಕಲಿಯುವುದು ಅದನ್ನೇ.

ಸೂತ್ರದ ಸ್ವಭಾವ ಅಂಕಿಗಳಲ್ಲಿ ನೋಡಿದರೆ ತಿಳಿಯುತ್ತದೆ. ಹತ್ತು ಸಾಲುಗಳ ಮೇಲೆ ಐದು ಎರ್ಲಾಂಗ್ ದಟ್ಟಣೆ, ಅಂದರೆ ಸರಾಸರಿ ಐದು ಸಾಲು ತುಂಬುವಷ್ಟು ಮಾತು ಬಂದರೆ ನೂರರಲ್ಲಿ ಎರಡಕ್ಕಿಂತ ಕಡಿಮೆ ಕರೆಗಳು ನಷ್ಟವಾಗುತ್ತವೆ. ದಟ್ಟಣೆ ಎರಡು ಪಟ್ಟಾಗಿ ಹತ್ತು ಎರ್ಲಾಂಗ್‌ ಮುಟ್ಟಿದರೆ ನಷ್ಟ ಎರಡು ಪಟ್ಟಾಗುವುದಿಲ್ಲ, ಶೇ. 21ಕ್ಕೆ ಹಾರುತ್ತದೆ. ನೂರು ಸಾಲಿಗೆ ನೂರು ಎರ್ಲಾಂಗ್ ಬಂದರೆ ನಷ್ಟ ಶೇ. 7.6 ಮಾತ್ರ. ದೊಡ್ಡ ಕೊಳ ಒಂದೇ ಇದ್ದರೆ ಲಾಭ, ಚಿಕ್ಕಚಿಕ್ಕದಾಗಿ ಒಡೆದರೆ ನಷ್ಟ. ಮುಂದೆ ಒಂದೊಂದು ಉಪಗ್ರಹಕ್ಕೂ ಹತ್ತಾರು ಬೀಮುಗಳನ್ನು ಕೊಟ್ಟು, ಅದೇ ಆವರ್ತನವನ್ನು ಮತ್ತೆಮತ್ತೆ ಬಳಸುವ ಉಪಾಯ ಬಂದಾಗ ವಿನ್ಯಾಸಕಾರರಿಗೆ ತಲೆನೋವಾದದ್ದು ಇದೇ ಗುಣ.

ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದ ಲೇಖನದ ಸಾರ ಎಲ್ಲರಿಗೂ ಗೊತ್ತು: ಸಮಭಾಜಕದ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ಮೂರು ಪ್ರಸಾರ ಕೇಂದ್ರಗಳಿದ್ದರೆ ಹೆಚ್ಚುಕಡಿಮೆ ಭೂಮಿಯೆಲ್ಲ ಅವುಗಳ ಕಣ್ಣಳತೆಗೆ ಬರುತ್ತದೆ. 1965ರ 'ಅರ್ಲಿ ಬರ್ಡ್' ಉಪಗ್ರಹ 240 ದೂರವಾಣಿ ಸಾಲುಗಳನ್ನು ಅಟ್ಲಾಂಟಿಕ್ ಮೇಲೆ ಹೊತ್ತಿತು. ಮಾದರಿ ಕಟ್ಟುವವರಿಗೆ ಈ ಭೂಸ್ಥಿರ ಉಪಗ್ರಹ ತೀರ ಸುಲಭದ ಗಿರಾಕಿ. ಅದು ಚಲಿಸುವುದಿಲ್ಲ, ನೆಲದ ಆಂಟೆನಾವೂ ಚಲಿಸುವುದಿಲ್ಲ. ಎರ್ಲಾಂಗನ ಸೂತ್ರದ ಮಟ್ಟಿಗೆ ಅದೊಂದು ಉದ್ದನೆಯ ತಂತಿ, ಅಷ್ಟೆ. ತಂತಿಯಲ್ಲಿಲ್ಲದ ಒಂದೇ ಕಿರಿಕಿರಿ ವಿಳಂಬ. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಆಚೆಯವರ ಉತ್ತರ ಕಿವಿಗೆ ಬೀಳಲು ಅರ್ಧ ಸೆಕೆಂಡು.

ವಿಳಂಬ ದನಿಗೆ ಬರೀ ಕಿರಿಕಿರಿಯಾದರೆ ದತ್ತಾಂಶಕ್ಕೆ ಗಂಡಾಂತರ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ 1970ರಲ್ಲಿ ಅಲೋಹಾ ಪದ್ಧತಿ ತಂದರು. ಕಳಿಸಬೇಕಾದಾಗ ಕಳಿಸಿಬಿಡು, ಬೇರೆಯವರ ಸಂದೇಶಕ್ಕೆ ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಕಳಿಸು. ಲೆಕ್ಕ ಹಾಕಿದರೆ ಚಾನೆಲ್ಲಿನ ಶೇ. 18ರಷ್ಟು ಮಾತ್ರ ದಕ್ಕುತ್ತದೆ. ಕಾಲವನ್ನು ತುಂಡು ಮಾಡಿ ತುಂಡಿನ ಆರಂಭದಲ್ಲೇ ಕಳಿಸಬೇಕೆಂದು ಕಟ್ಟುಪಾಡು ಹಾಕಿದರೆ ಅದು ಶೇ. 37ಕ್ಕೆ ಏರುತ್ತದೆ. ಲೆನಾರ್ಡ್ ಕ್ಲೈನ್‌ರಾಕ್ ಮತ್ತು ಸೈಮನ್ ಲ್ಯಾಮ್ 1970ರ ದಶಕದ ಮಧ್ಯದಲ್ಲಿ ಇದೇ ಪದ್ಧತಿಯನ್ನು ಉಪಗ್ರಹ ಚಾನೆಲ್ಲಿಗೆ ಹಚ್ಚಿ ನೋಡಿ, ಇನ್ನೊಂದು ಅಪಾಯವನ್ನು ಎತ್ತಿ ತೋರಿಸಿದರು. ಡಿಕ್ಕಿಗಳು ಹೆಚ್ಚಾದಷ್ಟೂ ಮತ್ತೆ ಕಳಿಸುವುದು ಹೆಚ್ಚುತ್ತದೆ, ಅದರಿಂದ ಡಿಕ್ಕಿ ಇನ್ನೂ ಹೆಚ್ಚುತ್ತದೆ, ಕೊನೆಗೆ ಚಾನೆಲ್ ಪೂರ್ತಿ ತುಂಬಿದ್ದೂ ಏನೂ ಸಾಗದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸರಾಸರಿ ನೋಡಿದರೆ ಚೆನ್ನಾಗಿಯೇ ಕಾಣುವ ಜಾಲ ಸ್ಥಿರವಾಗಿರಲೇಬೇಕೆಂದಿಲ್ಲ ಎಂಬ ಈ ತಿಳಿವಳಿಕೆ ಆ ಕಾಲದ ದೊಡ್ಡ ಗಳಿಕೆ ಎಂದು ನನ್ನ ಎಣಿಕೆ. ಅಲೋಹಾ ಮುಂದೆ ಹಳತಾಗಿ ಮೂಲೆಗೆ ಸರಿದಂತಿತ್ತು. 2007ರಲ್ಲಿ ಯುರೋಪಿನ ಸಂಶೋಧಕರು ಒಂದೇ ಸಂದೇಶದ ಎರಡು ಪ್ರತಿ ಕಳಿಸಿ, ದಕ್ಕಿದ ಪ್ರತಿಯ ಸಹಾಯದಿಂದ ಡಿಕ್ಕಿಯಾದದ್ದನ್ನು ಅಳಿಸಿ ತೆಗೆಯುವ ಉಪಾಯ ಹೂಡಿ, ದಕ್ಕುವ ಪಾಲನ್ನು ಸುಮಾರು ಶೇ. 55ಕ್ಕೆ ಏರಿಸಿದ ಮೇಲೆ ಅದಕ್ಕೆ ಮತ್ತೆ ಜೀವ ಬಂತು.

ಮರ, ಗೋಡೆ, ಕೋನ

1982ರಲ್ಲಿ ಇನ್‌ಮಾರ್‌ಸ್ಯಾಟ್ ಹಡಗುಗಳಿಗೆ ಫೋನ್ ಕೊಟ್ಟಾಗ ಬಳಕೆದಾರ ಅಲುಗಾಡತೊಡಗಿದ. ಕಡಲಿನ ಮೇಲೆ ಆಕಾಶ ಬಯಲಾಗಿರುವುದರಿಂದ ಅಷ್ಟೇನೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಫೋನನ್ನು ಕಾರಿನಲ್ಲಿಟ್ಟು ನೆಲದ ಮೇಲೆ ಓಡಿಸಿದಾಗ. ಉಪಗ್ರಹದಿಂದ ಬರುವ ಸಂಕೇತ ಅದಾಗಲೇ ಬಡಕಲು; ರಸ್ತೆ ಬದಿಯ ಒಂದು ಮರ ಅದರ ಶಕ್ತಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಬಲ್ಲದು, ಕಟ್ಟಡ ಅದನ್ನು ಪೂರ್ತಿ ನುಂಗಬಲ್ಲದು. ಅಮೆರಿಕದಲ್ಲಿ ಗೋಲ್ಡ್‌ಹಿರ್ಶ್ ಮತ್ತು ವೋಗೆಲ್ 1980ರ ದಶಕದಲ್ಲಿ ಹೆಲಿಕಾಪ್ಟರಿಗೆ ಪ್ರಸಾರಕ ಕಟ್ಟಿ ಹಾರಿಸಿ, ಕೆಳಗೆ ರಸ್ತೆಯ ಮೇಲೆ ವ್ಯಾನ್ ಓಡಿಸಿ, ಮರಗಳ ನೆರಳನ್ನು ಡೆಸಿಬೆಲ್‌ನಲ್ಲಿ ಅಳೆದರು. ಕೆನಡಾದ ಚುನ್ ಲೂ 1985ರಲ್ಲಿ, ನೇರವಾಗಿ ಬರುವ ಕಿರಣ ಎಲೆಗಳ ಮಧ್ಯೆ ಏರಿಳಿಯುವುದನ್ನು ಒಂದು ಹಂಚಿಕೆಯಿಂದಲೂ ಸುತ್ತಲಿನ ವಸ್ತುಗಳಿಗೆ ಬಡಿದು ಚದುರಿ ಬರುವುದನ್ನು ಇನ್ನೊಂದರಿಂದಲೂ ವರ್ಣಿಸುವ ಮಾದರಿ ಕೊಟ್ಟರು.

ಅದಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಜರ್ಮನಿಯ ಎರಿಕ್ ಲುಟ್ಸ್ ಮತ್ತು ಸಂಗಡಿಗರು 1991ರಲ್ಲಿ ಮುಂದಿಟ್ಟ ಮಾದರಿ. ಯುರೋಪಿನ ನಗರಗಳಲ್ಲೂ ಹೆದ್ದಾರಿಗಳಲ್ಲೂ ವಾಹನ ಓಡಿಸಿ ಸಂಕೇತ ದಾಖಲಿಸಿಕೊಂಡ ಅವರು ಅದನ್ನು ಎರಡೇ ಸ್ಥಿತಿಗೆ ಇಳಿಸಿದರು: ಬಿಸಿಲು ಮತ್ತು ನೆರಳು. ಬಿಸಿಲಿನಲ್ಲಿ ಒಂದು ಸಂಖ್ಯಾಶಾಸ್ತ್ರ, ನೆರಳಿನಲ್ಲಿ ಇನ್ನೊಂದು, ಒಂದರಿಂದ ಒಂದಕ್ಕೆ ಜಿಗಿಯಲು ಒಂದು ಸಂಭವನೀಯತೆ. ಉಪಗ್ರಹ ದಿಗಂತಕ್ಕೆ ಹತ್ತಿರವಿದ್ದಾಗ ಹೆದ್ದಾರಿಯಲ್ಲಿ ಸುಮಾರು ಕಾಲು ಭಾಗದಷ್ಟು ಸಮಯ ನೆರಳು, ನಗರದಲ್ಲಿ ಅರ್ಧಕ್ಕಿಂತ ಹೆಚ್ಚು. ಇಷ್ಟು ಒರಟು ಮಾದರಿ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವಿದೆ. ಕರೆ ಕಡಿಯುವುದು ಸಂಕೇತದ ಸಣ್ಣ ನಡುಕದಿಂದಲ್ಲ, ದೀರ್ಘ ನೆರಳಿನಿಂದ. ಆ ನೆರಳಿನ ಉದ್ದವನ್ನು ಅದು ಸರಿಯಾಗಿ ಹಿಡಿದಿತ್ತು. 1994ರಲ್ಲಿ ಇಟಲಿಯ ಕೊರಾಝ್ಝಾ ಮತ್ತು ವತಲಾರೊ, ಉಪಗ್ರಹದ ಕೋನ ಬದಲಾಗುತ್ತ ಹೋದಂತೆ ಮಾದರಿಯ ಅಂಕಿಗಳೂ ಬದಲಾಗುವಂತೆ ಮಾಡಿದರು. ಆಗಲೇ ಕೆಳಕಕ್ಷೆಯ ಉಪಗ್ರಹಗಳ ಮಾತು ಜೋರಾಗಿತ್ತು. ಅಲ್ಲಿ ಕೋನ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ.

ಈ ಕೋನದ ವಿಚಾರ ನಮಗೂ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಕಟ್ಟಿ, 2015ರಲ್ಲಿ ಹಾರಿಸಿ, ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಸುಪರ್ದಿಗೆ ಬಂದ ಜಿಸ್ಯಾಟ್-6ರಲ್ಲಿ ಆರು ಮೀಟರ್ ಅಗಲದ, ಕಕ್ಷೆಯಲ್ಲಿ ಬಿಚ್ಚಿಕೊಳ್ಳುವ ಆಂಟೆನಾ ಇದೆ. ಐದು ಬೀಮುಗಳಿಂದ ಅದು ದೇಶವನ್ನು ಆವರಿಸುತ್ತದೆ, ಸಣ್ಣ ಕೈಸಾಧನಗಳಿಗೆಂದೇ ಮಾಡಿದ್ದು. ಕರ್ನಾಟಕದಿಂದ ನೋಡಿದರೆ ಆ ಉಪಗ್ರಹ ಸುಮಾರು 70 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಮೇಲೆ ಇರುತ್ತದೆ. ಲುಟ್ಸ್ ತಂಡ ಬವೇರಿಯದ ರಸ್ತೆಯಲ್ಲಿ 24 ಡಿಗ್ರಿಯಲ್ಲಿ ಅಳೆದ ನೆರಳಿನ ಅಂಕಿಗಳನ್ನು ಇಲ್ಲಿಗೆ ಹಚ್ಚಿದರೆ ನಗರದ ಕಟ್ಟಡಗಳ ಅಡ್ಡಿಯನ್ನು ವಿಪರೀತ ಮಾಡಿ ಹೇಳಿದಂತಾಗುತ್ತದೆ. ಮಲೆನಾಡಿನ ಕಾಡಿನಲ್ಲಿ ಮಾತ್ರ ನೆತ್ತಿಯ ಮೇಲಿದ್ದೂ ಪ್ರಯೋಜನ ಕಡಿಮೆ, ಅಲ್ಲಿ ಅಡ್ಡಿ ಇರುವುದೇ ನೆತ್ತಿಯ ಮೇಲೆ. ಅಂಕಿಗಳನ್ನು ಎರವಲು ತರುವಾಗ ಅವು ಹುಟ್ಟಿದ ಊರಿನ ಅಕ್ಷಾಂಶವೂ ಜೊತೆಗೆ ಬರುತ್ತದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ.

ಗೋಪುರವೇ ಹೊರಟಾಗ

ಭೂಸ್ಥಿರ ಕಕ್ಷೆಯಿಂದ ಕೈಫೋನಿಗೆ ಮಾತಾಡುವುದು 1980ರ ದಶಕದ ತಂತ್ರಜ್ಞಾನಕ್ಕೆ ಕಷ್ಟವಾಗಿತ್ತು. ದೂರ ಹೆಚ್ಚಾದಷ್ಟೂ ಸಂಕೇತದ ಬಲ ಅದರ ವರ್ಗದಷ್ಟು ಕುಗ್ಗುತ್ತದೆ. 36 ಸಾವಿರ ಕಿ.ಮೀ. ಬಿಟ್ಟು 780 ಕಿ.ಮೀ.ಗೆ ಇಳಿದರೆ ಎರಡು ಸಾವಿರ ಪಟ್ಟಿಗಿಂತ ಹೆಚ್ಚು ಲಾಭ. ಹಾಗೆ ಕೆಳಗಿಳಿದ ಉಪಗ್ರಹ ಒಂದೆಡೆ ನಿಲ್ಲುವುದಿಲ್ಲ, ಅದಕ್ಕೆ ಕಾಣುವ ನೆಲವೂ ಕಡಿಮೆ. ಹಾಗಾಗಿ ಒಂದಲ್ಲ, ಒಂದು ಹಿಂಡೇ ಬೇಕು. ಹಿಂಡಿನ ಜ್ಯಾಮಿತಿಯನ್ನು ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಜಾನ್ ವಾಕರ್ 1970ರ ದಶಕದಲ್ಲೇ ಬಿಡಿಸಿಟ್ಟಿದ್ದರು. ಒಟ್ಟು ಉಪಗ್ರಹ ಎಷ್ಟು, ಎಷ್ಟು ಕಕ್ಷಾತಲ, ಅಕ್ಕಪಕ್ಕದ ತಲಗಳ ನಡುವೆ ಎಷ್ಟು ಹೊಂದಾಣಿಕೆ, ಕಕ್ಷೆಯ ಓರೆ ಎಷ್ಟು ಎಂಬ ನಾಲ್ಕು ಅಂಕಿ ಹೇಳಿದರೆ ಇಡೀ ಹಿಂಡು ಕಣ್ಣೆದುರು ನಿಲ್ಲುತ್ತದೆ. ಇಂದಿನ ಉಪಗ್ರಹ ಇಂಟರ್‌ನೆಟ್ ಜಾಲ ಸ್ಟಾರ್‌ಲಿಂಕನ್ನು ವಿವರಿಸುವುದಕ್ಕೂ ಅದೇ ಭಾಷೆ ಸಾಕು.

ಮೋಟೊರೊಲಾದ ಇರಿಡಿಯಂ ಧ್ರುವಗಳ ಮೇಲಿಂದ ಹಾಯುವ ಆರು ತಲಗಳನ್ನು ಆರಿಸಿಕೊಂಡಿತು, ತಲಕ್ಕೆ ಹನ್ನೊಂದು ಉಪಗ್ರಹ. ಉಪಗ್ರಹ ಉಪಗ್ರಹಗಳ ನಡುವೆಯೇ ರೇಡಿಯೊ ಕೊಂಡಿ. ಲೋರಲ್ ಮತ್ತು ಕ್ವಾಲ್ಕಾಮ್ ಸೇರಿ ಕಟ್ಟಿದ ಗ್ಲೋಬಲ್‌ಸ್ಟಾರ್ 1,414 ಕಿ.ಮೀ. ಎತ್ತರದಲ್ಲಿ 48 ಉಪಗ್ರಹಗಳನ್ನಿಟ್ಟು, 52 ಡಿಗ್ರಿ ಓರೆಯಲ್ಲಿ ತಿರುಗಿಸಿತು. ಅದರ ಉಪಗ್ರಹಗಳು ಬರೀ ಕನ್ನಡಿಗಳು. ನೆಲದ ಕೇಂದ್ರ ಕಣ್ಣಿಗೆ ಬಿದ್ದರಷ್ಟೇ ಕರೆ ಸಾಗುತ್ತದೆ. ಧ್ರುವವೂ ನಡುಗಡಲೂ ಬೇಡ, ಗಿರಾಕಿಗಳಿರುವ ಅಕ್ಷಾಂಶ ಸಾಕು ಎಂಬ ಲೆಕ್ಕ. ಜೊತೆಗೆ ಕೋಡುಗಳ ಮೂಲಕ ಎಲ್ಲರೂ ಒಂದೇ ಆವರ್ತನ ಹಂಚಿಕೊಳ್ಳುವ ಸಿಡಿಎಂಎ ವಿಧಾನ. ಇದರಲ್ಲಿ ಚಾನೆಲ್‌ಗಳ ಖಚಿತ ಸಂಖ್ಯೆ ಎಂಬುದೇ ಇಲ್ಲ. ಜನ ಹೆಚ್ಚಾದಂತೆ ಗದ್ದಲ ಏರುತ್ತದೆ, ಅಷ್ಟೆ. ಎರ್ಲಾಂಗನ ಸೂತ್ರಕ್ಕೆ ಬೇಕಾದ 'ಇಷ್ಟು ಸಾಲು' ಎಂಬ ಅಂಕಿಯೇ ಇಲ್ಲಿ ಕೈತಪ್ಪುತ್ತದೆ. ಎರಡು ಉಪಗ್ರಹಗಳು ಒಟ್ಟಿಗೆ ಕಂಡಾಗ ಎರಡರ ಸಂಕೇತವನ್ನೂ ಕೂಡಿಸಿಕೊಳ್ಳುವುದರಿಂದ ಲುಟ್ಸರ ನೆರಳಿಗೆ ಒಂದು ಮದ್ದೂ ಸಿಕ್ಕಿತು. ಒಂದು ಮರದ ಹಿಂದೆ ಹೋದರೆ ಇನ್ನೊಂದು ಕಾಣುತ್ತಿರುತ್ತದೆ.

ಈಗ ನಿಲುವೆಲ್ಲ ಬುಡಮೇಲು. ನೆಲದ ಮೊಬೈಲ್ ಜಾಲದಲ್ಲಿ ಗೋಪುರ ನಿಂತಿರುತ್ತದೆ, ಮನುಷ್ಯ ಓಡುತ್ತಾನೆ. ಅಲ್ಲಿ ಕರೆಯನ್ನು ಒಂದು ಗೋಪುರದಿಂದ ಇನ್ನೊಂದಕ್ಕೆ ದಾಟಿಸುವ ಹ್ಯಾಂಡೋವರ್‌ಗೆ ಹಾಂಗ್ ಮತ್ತು ರಾಪಪೋರ್ಟ್ 1986ರಲ್ಲಿ ಮಾದರಿ ಕೊಟ್ಟಿದ್ದರು. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಾನೋ ತಿಳಿಯದ ಮನುಷ್ಯ ಅದರ ನಾಯಕ. ಇರಿಡಿಯಂ ಉಪಗ್ರಹದ ನೆರಳು ನೆಲದ ಮೇಲೆ ಗಂಟೆಗೆ ಸುಮಾರು 24 ಸಾವಿರ ಕಿ.ಮೀ. ವೇಗದಲ್ಲಿ ಸರಿಯುತ್ತದೆ. ವಿಮಾನದಲ್ಲಿ ಕೂತವನ ವೇಗವೂ ಅದರ ಮುಂದೆ ಲೆಕ್ಕಕ್ಕಿಲ್ಲ. ಹಾಗಾಗಿ ಸಂಶೋಧಕರು ಮನುಷ್ಯನನ್ನು ನಿಲ್ಲಿಸಿಬಿಟ್ಟರು. ಬೀಮುಗಳೇ ಅವನ ಮೇಲೆ ಸರಿದು ಹೋಗತೊಡಗಿದವು. ಒಂದು ಉಪಗ್ರಹಕ್ಕೆ 48 ಬೀಮು, ಬೀಮಿನ ಅಗಲ ಸುಮಾರು 400 ಕಿ.ಮೀ., ಅದು ದಾಟಿಹೋಗಲು ಒಂದು ನಿಮಿಷ. ಒಂಬತ್ತು ನಿಮಿಷಕ್ಕೊಮ್ಮೆ ಉಪಗ್ರಹವೇ ಬದಲು. ಮೂರು ನಿಮಿಷ ಮಾತಾಡಿದವನ ಕರೆ ಮೂರು ಸಲ ಕೈ ಬದಲಾಯಿಸಿರುತ್ತದೆ.

ಫ್ಲಾರೆನ್ಸ್ ವಿಶ್ವವಿದ್ಯಾಲಯದ ಡೆಲ್ ರೆ, ಫಂತಾಚ್ಚಿ, ಜಾಂಬೆನೆ ಮೂವರು 1990ರ ದಶಕದಲ್ಲಿ ಈ ಕೈಬದಲಾವಣೆಯ ಪ್ರಶ್ನೆಯನ್ನು ಬೆನ್ನುಹತ್ತಿದರು. ನನ್ನ ಮೆಚ್ಚಿನ ಕೆಲಸಗಳಲ್ಲಿ ಇದೂ ಒಂದು, ಕಾರಣ ಅದರ ಸರಳತೆ. ಎಲ್ಲ ಬಳಕೆದಾರರೂ ಬೀಮಿನೊಳಗೆ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಸಾಗುತ್ತಾರೆ. ಕರೆ ಶುರುವಾದ ಜಾಗ ಬೀಮಿನೊಳಗೆ ಎಲ್ಲಾದರೂ ಇರಬಹುದಾದ್ದರಿಂದ ಮೊದಲ ಬೀಮಿನಲ್ಲಿ ಎಷ್ಟು ಹೊತ್ತು ಇರುತ್ತಾನೆ ಎಂಬುದಷ್ಟೇ ಆಕಸ್ಮಿಕ. ಆಮೇಲಿನದೆಲ್ಲ ಗಡಿಯಾರದಂತೆ. ಮುಂದಿನ ಬೀಮಿನಲ್ಲಿ ಚಾನೆಲ್ ಇಲ್ಲದಿದ್ದರೆ ಎರಡು ಬೀಮುಗಳು ಒಂದರ ಮೇಲೊಂದು ಹಾಸಿಕೊಂಡಿರುವ ಪಟ್ಟಿಯನ್ನು ದಾಟುವವರೆಗೆ ಆ ಕರೆಯನ್ನು ಸರದಿಯಲ್ಲಿ ನಿಲ್ಲಿಸಬಹುದು. ಆ ಗಡುವು ಎಷ್ಟೆಂಬುದೂ ಮೊದಲೇ ತಿಳಿದಿರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ಬೀಮಿನಲ್ಲಿ ಜಾಗ ಕಾದಿರಿಸದೆ ಹೊಸ ಕರೆಯನ್ನೇ ಒಳಗೆ ಬಿಡುವುದಿಲ್ಲ ಎಂದರೆ ಮಾತಿನ ನಡುವೆ ಕಡಿಯುವ ಪ್ರಮೇಯವೇ ಇರುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಖಾಲಿ ಸೀಟಿದ್ದರೂ ಅದನ್ನು ಯಶವಂತಪುರದಲ್ಲಿ ಹತ್ತುವವರಿಗೆಂದು ಟವೆಲ್ ಹಾಕಿಟ್ಟಂತೆ. ಆ ಪ್ರಯಾಣಿಕರಿಗೆ ನೆಮ್ಮದಿ, ಇಲ್ಲಿ ನಿಂತವರಿಗೆ ಸಿಟ್ಟು. 1998ರಲ್ಲಿ ಮರಾಲ್, ರೆಸ್ಟ್ರೆಪೊ ಅವರೂ ಇವರ ಜೊತೆ ಸೇರಿ ಆ ಸಿಟ್ಟಿನ ಬೆಲೆಯನ್ನು, ಅಂದರೆ ಹೊಸ ಕರೆಗಳು ಎಷ್ಟು ಹೆಚ್ಚು ತಿರಸ್ಕೃತವಾಗುತ್ತವೆ ಎಂಬುದನ್ನು, ಲೆಕ್ಕ ಹಾಕಿದರು. ಮಾತಿನ ಮಧ್ಯೆ ಕಡಿದ ಕರೆ ಸಾಲೇ ಸಿಗದ ಕರೆಗಿಂತ ಎಷ್ಟು ಪಟ್ಟು ಕೆಟ್ಟದ್ದು ಎಂಬುದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಅದನ್ನು ಯಾರಾದರೂ ತೀರ್ಮಾನಿಸಿ ಸೂತ್ರದಲ್ಲಿ ತುಂಬಬೇಕು.

ದಟ್ಟಣೆಯೂ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಪೆಸಿಫಿಕ್ ಮೇಲೆ ಕೈಕಟ್ಟಿ ಕೂತ ಉಪಗ್ರಹ ಕೆಲವೇ ನಿಮಿಷಗಳಲ್ಲಿ ಟೋಕಿಯೊ ಮೇಲೆ ಬಂದು ಉಸಿರು ಕಟ್ಟಿಸಿಕೊಳ್ಳುತ್ತದೆ. ಜಪಾನಿನ ನಗೊಯಾದಲ್ಲಿ ಸಂಶೋಧನೆ ಮಾಡುತ್ತಿದ್ದ ಅಬ್ಬಾಸ್ ಜಮಾಲಿಪುರ್ ಮತ್ತು ಸಂಗಡಿಗರು ಈ ಅಸಮತೆಯನ್ನೇ ಅಧ್ಯಯನದ ಕೇಂದ್ರಕ್ಕೆ ತಂದರು. ಸರಾಸರಿ ದಟ್ಟಣೆ ಇಟ್ಟು ಲೆಕ್ಕ ಹಾಕಿದವರಿಗೆ ಜಾಲ ಎಂದೂ ತುಂಬುವುದಿಲ್ಲ. ನಿಜದಲ್ಲಿ ಎಷ್ಟೋ ಉಪಗ್ರಹ ಖಾಲಿ ಇರುವಾಗಲೇ ಉಳಿದವು ಜನರನ್ನು ವಾಪಸು ಕಳಿಸುತ್ತಿರುತ್ತವೆ.

ಉಪಗ್ರಹಗಳ ನಡುವಿನ ಕೊಂಡಿಗಳು ಇನ್ನೂ ತೊಡಕಿನವು. ಇರಿಡಿಯಂನ ಮೊದಲ ಮತ್ತು ಆರನೆಯ ತಲಗಳು ಅಕ್ಕಪಕ್ಕದಲ್ಲಿದ್ದರೂ ಒಂದರಲ್ಲಿ ಉಪಗ್ರಹಗಳು ಉತ್ತರಕ್ಕೆ, ಇನ್ನೊಂದರಲ್ಲಿ ದಕ್ಷಿಣಕ್ಕೆ ಧಾವಿಸುತ್ತಿರುತ್ತವೆ. ಆ ಹೊಲಿಗೆಯ ಆಚೀಚೆ ಕೊಂಡಿಯೇ ಇಲ್ಲ. ಹೊಲಿಗೆಯ ಎರಡು ಬದಿಯಲ್ಲಿ ನಿಂತ ಇಬ್ಬರ ಮಾತು ಬಹಳ ಸುತ್ತಿ ಬರಬೇಕು. ಜಾಲದ ನಕಾಶೆ ಹೀಗೆ ಕ್ಷಣಕ್ಷಣ ಬದಲಾಗುವಾಗ ದಾರಿ ಹುಡುಕುವುದು ಹೇಗೆ? ಜರ್ಮನಿಯ ಮಾರ್ಕುಸ್ ವೆರ್ನರ್ 1997ರಲ್ಲಿ ಕಾಲವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿನಲ್ಲೂ ಜಾಲ ಅಲುಗಾಡುವುದಿಲ್ಲ ಎಂದು ಹಿಡಿದರು. ಕಕ್ಷೆಗಳು ಮೊದಲೇ ಗೊತ್ತಿರುವುದರಿಂದ ಎಲ್ಲ ತುಣುಕುಗಳ ದಾರಿಪಟ್ಟಿಯನ್ನೂ ನೆಲದಲ್ಲೇ ತಯಾರಿಸಿ ಮೇಲಕ್ಕೆ ಕಳಿಸಬಹುದು. ಇನ್ನು ಕೆಲವರು ಆಕಾಶದಲ್ಲಿ ಕದಲದ ಕಾಲ್ಪನಿಕ ಬಿಂದುಗಳನ್ನು ಗುರುತಿಸಿ, ಯಾವ ಉಪಗ್ರಹ ಆ ಬಿಂದುವಿನ ಬಳಿ ಬರುತ್ತದೋ ಅದು ಆ ಹೊತ್ತಿಗೆ ಆ ಬಿಂದುವಿನ ಹೆಸರಿನಲ್ಲಿ ಕೆಲಸ ಮಾಡಲಿ ಎಂದರು. ಎರಡೂ ಜಾಣ ದಾರಿಗಳೇ. ಓಡುವ ಗೋಪುರವನ್ನು ಬೇರೆಬೇರೆ ರೀತಿಯಲ್ಲಿ ಮತ್ತೆ ನಿಲ್ಲಿಸುವುದೇ ಎರಡರ ಗುಟ್ಟು.

ಯಾರೂ ಬಿಡಿಸದ ಸಮೀಕರಣ

ಈ ಎಲ್ಲ ಲೆಕ್ಕಗಳ ಬಾಗಿಲಲ್ಲಿ ಒಂದು ಅಂಕಿ ನಿಂತಿತ್ತು: ಎಷ್ಟು ಗಿರಾಕಿಗಳು ಬರುತ್ತಾರೆ? ಎರ್ಲಾಂಗನ ಸೂತ್ರಕ್ಕಾಗಲಿ ಫ್ಲಾರೆನ್ಸಿನವರ ಸರದಿಗಾಗಲಿ ಅದು ಹೊರಗಿನಿಂದ ಬರುವ ಅಂಕಿ. 1980ರ ದಶಕದ ಕೊನೆಯಲ್ಲಿ ಇರಿಡಿಯಂ ಕಲ್ಪನೆ ಮೊಳೆತಾಗ ನೆಲದ ಮೊಬೈಲ್ ಜಾಲಗಳು ಕೆಲವೇ ನಗರಗಳಲ್ಲಿದ್ದವು, ಒಂದು ದೇಶದ ಫೋನು ಇನ್ನೊಂದು ದೇಶದಲ್ಲಿ ಹೆಚ್ಚಾಗಿ ನಡೆಯುತ್ತಿರಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದಿಂದ ದೇಶಕ್ಕೂ ನಡೆಯುವ ಜಿಎಸ್‌ಎಂ ಮೊಬೈಲ್ ಊರೂರಿಗೆ ಬಂದಿತ್ತು. ಇತ್ತ ಇರಿಡಿಯಂ ಫೋನು ಇಟ್ಟಿಗೆಯ ಗಾತ್ರ, ಬೆಲೆ ಸುಮಾರು 3 ಸಾವಿರ ಡಾಲರ್, ಕಟ್ಟಡದೊಳಗೆ ಕೆಲಸ ಮಾಡದು. 1999ರ ಮಾರ್ಚ್ ಅಂತ್ಯಕ್ಕೆ ಸಿಕ್ಕ ಗಿರಾಕಿಗಳು ಸುಮಾರು ಹತ್ತು ಸಾವಿರ. ಕರೆ ತಿರಸ್ಕೃತವಾಗುವ ಸಂಭವನೀಯತೆಯನ್ನು ದಶಮಾಂಶದ ಎಷ್ಟೋ ಸ್ಥಾನದವರೆಗೆ ಲೆಕ್ಕ ಹಾಕಿದ್ದ ಜಾಲದಲ್ಲಿ ತಿರಸ್ಕರಿಸಲಿಕ್ಕೆ ಕರೆಗಳೇ ಇರಲಿಲ್ಲ.

ಐಸಿಒ ಎಂಬ ಇನ್ನೊಂದು ಉಪಗ್ರಹ ಫೋನ್ ಕಂಪನಿಯೂ 1999ರ ಆಗಸ್ಟ್‌ನಲ್ಲೇ ದಿವಾಳಿಯಾಯಿತು, ಗ್ಲೋಬಲ್‌ಸ್ಟಾರ್ 2002ರಲ್ಲಿ. 840 ಉಪಗ್ರಹಗಳ ಕನಸಿನಿಂದ ಹೊರಟಿದ್ದ ಟೆಲಿಡೆಸಿಕ್ ಅದೇ ವರ್ಷ ಕೆಲಸ ನಿಲ್ಲಿಸಿತು. ಇರಿಡಿಯಂನ ಆಸ್ತಿಯನ್ನು ಹೊಸ ಮಾಲೀಕರು ಸುಮಾರು 2.5 ಕೋಟಿ ಡಾಲರಿಗೆ ಕೊಂಡು, ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಯ ಬಲದಿಂದ ಮತ್ತೆ ನಡೆಸಿದರು. ಭಾರತದ ಹಣಕಾಸು ಸಂಸ್ಥೆಗಳೂ ಮೂಲ ಇರಿಡಿಯಂನಲ್ಲಿ ಹಣ ತೊಡಗಿಸಿದ್ದವು. ಯೋಜನೆಯ ಬಗ್ಗೆ ಕೊಟ್ಟ ಭರವಸೆಗಳು ಸುಳ್ಳೆಂದು ಆರೋಪಿಸಿ ಇರಿಡಿಯಂ ಇಂಡಿಯಾ ಟೆಲಿಕಾಂ ಮೋಟೊರೊಲಾ ಮೇಲೆ ಹೂಡಿದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರಲ್ಲಿ ನ್ಯಾಯಾಲಯ, ಕಂಪನಿಯೊಂದರ ಮೇಲೂ ವಂಚನೆಯಂಥ ಅಪರಾಧದ ವಿಚಾರಣೆ ನಡೆಯಬಹುದು ಎಂದಿತು. ಮುನ್ನಂದಾಜು ಕೋರ್ಟು ಕಟ್ಟೆ ಹತ್ತಿದ್ದು ಈ ಕ್ಷೇತ್ರದಲ್ಲಿ ಅಪರೂಪ.

ಸಂಶೋಧನೆಯಲ್ಲಿ ಬೇಡಿಕೆಯ ಈ ತಪ್ಪು ಅಂದಾಜಿಗೆ ಬಂದ ಒಳ್ಳೆಯ ಉತ್ತರವೆಂದರೆ ಎಂಐಟಿಯ ಒಲಿವಿಯರ್ ಡಿ ವೆಕ್ ಮತ್ತು ಸಂಗಡಿಗರು 2004ರಲ್ಲಿ ಬರೆದದ್ದು. ಬೇಡಿಕೆಯನ್ನು ಒಂದು ಖಚಿತ ಅಂಕಿಯಾಗಿ ಹಿಡಿಯದೆ, ಏರಿಳಿಯುತ್ತ ಸಾಗುವ ಅನಿಶ್ಚಿತ ದಾರಿಯಾಗಿ ಹಿಡಿದರು. ಆಗ ಮೊದಲೇ ಪೂರ್ತಿ ಹಿಂಡು ಹಾರಿಸುವುದಕ್ಕಿಂತ ಚಿಕ್ಕದಾಗಿ ಶುರುಮಾಡಿ, ಜನ ಬಂದಂತೆ ಬೆಳೆಸುವುದು ಲಾಭವೆಂದು ಹೊರಬಂತು. ಹೇಳಿದಷ್ಟು ಸುಲಭವಲ್ಲ, ಅರ್ಧ ಹಿಂಡಿನಿಂದ ನಿರಂತರ ಸೇವೆ ಸಿಗದು, ಬೆಳೆಸುವಾಗ ಇದ್ದ ಉಪಗ್ರಹಗಳನ್ನು ಬೇರೆ ಕಕ್ಷೆಗೆ ಸರಿಸಬೇಕು, ಅದಕ್ಕೆ ಇಂಧನ ಬೇಕು. ಆದರೂ ಗಿರಾಕಿ ಎಂಬ ಅಂಕಿಯನ್ನು ಮಾದರಿಯ ಒಳಗೆ ಕರೆತಂದದ್ದು ದೊಡ್ಡ ಕೆಲಸ.

ಮತ್ತೆ ಹಿಂಡು

ನಡುವಿನ ವರ್ಷಗಳಲ್ಲಿ ಮಾತಿನ ಜಾಗಕ್ಕೆ ದತ್ತಾಂಶ ಬಂದು ಕೂತಿತ್ತು. ಅಮೆರಿಕದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಲೆಲಂಡ್, ವಿಲಿಂಗರ್ ಮೊದಲಾದವರು 1990ರ ದಶಕದ ಆರಂಭದಲ್ಲೇ ಕಂಪ್ಯೂಟರ್ ಜಾಲದ ದಟ್ಟಣೆ ಪೊಯ್ಸಾನ್ ಹಂಚಿಕೆಗೆ ಒಗ್ಗುವುದಿಲ್ಲ, ಸೆಕೆಂಡಿನಲ್ಲಿ ನೋಡಿದರೂ ಗಂಟೆಯಲ್ಲಿ ನೋಡಿದರೂ ಅದು ಒಂದೇ ರೀತಿ ಗೊಂಚಲು ಗೊಂಚಲಾಗಿರುತ್ತದೆ ಎಂದು ತೋರಿಸಿದ್ದರು. ಇಂಟರ್‌ನೆಟ್ಟಿನ ಟಿಸಿಪಿ ನಿಯಮ ಭೂಸ್ಥಿರ ಉಪಗ್ರಹದ ಅರ್ಧ ಸೆಕೆಂಡಿಗೆ ಹೊಂದಲಿಲ್ಲ. ಸ್ವೀಕೃತಿ ಬರುವ ಮುಂಚೆ 64 ಕಿಲೊಬೈಟ್‌ನಷ್ಟೇ ಕಳಿಸಬಹುದು ಎಂದರೆ, ಚಾನೆಲ್ ಎಷ್ಟೇ ಅಗಲವಿದ್ದರೂ ಸೆಕೆಂಡಿಗೆ ಸುಮಾರು ಒಂದು ಮೆಗಾಬಿಟ್ ದಾಟುವುದಿಲ್ಲ. ಸೂತ್ರಗಳ ಕೈ ಸೋತಲ್ಲಿ ಸಿಮ್ಯುಲೇಶನ್ ಬಂತು. ಹಿಂಡುಗಳನ್ನು ಪರದೆಯ ಮೇಲೆ ತಿರುಗಿಸುವ 'ಸವಿ' (SaVi) ಎಂಬ ತಂತ್ರಾಂಶ, ಟಾಮ್ ಹೆಂಡರ್‌ಸನ್ ಎನ್ಎಸ್-2 ಎಂಬ ಜಾಲ ಸಿಮ್ಯುಲೇಟರ್‌ಗೆ ಸೇರಿಸಿದ ಉಪಗ್ರಹ ಭಾಗ ಆ ಕಾಲದ ಮುಖ್ಯ ಸಲಕರಣೆಗಳು.

2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳು ಹಾರಿದ ಮೇಲೆ ಈ ಕ್ಷೇತ್ರಕ್ಕೆ ಮತ್ತೆ ಹರೆಯ ಬಂತು. ಅದಕ್ಕೂ ಮೊದಲೇ 2018ರಲ್ಲಿ ಲಂಡನ್ನಿನ ಮಾರ್ಕ್ ಹ್ಯಾಂಡ್ಲಿ ಒಂದು ಸರಳ ಸಂಗತಿಯನ್ನು ನೆನಪಿಸಿದ್ದರು. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ನಿರ್ವಾತದಲ್ಲಿ 3 ಲಕ್ಷ. ಉಪಗ್ರಹಗಳ ನಡುವೆ ಲೇಸರ್ ಕೊಂಡಿ ಇದ್ದರೆ ದೂರದ ನಗರಗಳ ನಡುವೆ ಆಕಾಶದ ದಾರಿಯೇ ಬೇಗ ಮುಟ್ಟಿಸುತ್ತದೆ. ವಿಳಂಬಕ್ಕೆ ಕುಖ್ಯಾತವಾಗಿದ್ದ ಉಪಗ್ರಹ ಈಗ ವೇಗದ ಕಾರಣಕ್ಕೆ ಸುದ್ದಿಯಾಯಿತು. ಜ್ಯೂರಿಕ್‌ನ ಇಟಿಎಚ್‌ನಲ್ಲಿ ದೇಬೊಪಮ್ ಭಟ್ಟಾಚರ್ಜಿ, ಅಂಕಿತ್ ಸಿಂಗ್ಲಾ ಮತ್ತಿತರರು 2020ರಲ್ಲಿ ಹೈಪಾಶಿಯಾ ಎಂಬ ಸಿಮ್ಯುಲೇಟರ್ ಹೊರತಂದು, ಸಾವಿರಾರು ಉಪಗ್ರಹಗಳ ಜಾಲದಲ್ಲಿ ಒಂದೊಂದು ಪೊಟ್ಟಣದ ಪ್ರಯಾಣವನ್ನೂ ಹಿಂಬಾಲಿಸುವಂತೆ ಮಾಡಿದರು.

ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಹೊರಟವರೂ ಇದ್ದಾರೆ. 2011ರಲ್ಲಿ ಆಂಡ್ರ್ಯೂಸ್, ಬಚ್ಚೆಲ್ಲಿ ಮತ್ತು ಈಗ ಐಐಟಿ ಮದ್ರಾಸಿನಲ್ಲಿರುವ ರಾಧಾಕೃಷ್ಣ ಗಂಟಿ, ಮೊಬೈಲ್ ಗೋಪುರಗಳನ್ನು ನಕಾಶೆಯ ಮೇಲೆ ಮನಬಂದಂತೆ ಎರಚಿದ ಚುಕ್ಕೆಗಳೆಂದು ಹಿಡಿದು ಸೊಗಸಾದ ಸೂತ್ರಗಳನ್ನು ಪಡೆದಿದ್ದರು. 2020ರಲ್ಲಿ ಫಿನ್‌ಲ್ಯಾಂಡಿನ ಓಕಾತಿ ಮತ್ತು ಸಂಗಡಿಗರು ಅದೇ ಉಪಾಯವನ್ನು ಗೋಳದ ಮೇಲಕ್ಕೆ ಒಯ್ದರು. ವಾಕರ್ ಅಷ್ಟು ಜತನದಿಂದ ಜೋಡಿಸಿದ ಹಿಂಡನ್ನು ಚೆಲ್ಲಾಪಿಲ್ಲಿ ಎಂದು ಭಾವಿಸುವುದು ಮೊದಲ ಓದಿಗೆ ಅಪಚಾರದಂತೆ ಕಾಣುತ್ತದೆ. ಉಪಗ್ರಹಗಳ ಸಂಖ್ಯೆ ದೊಡ್ಡದಾದಾಗ ಅಂದಾಜು ತಕ್ಕಮಟ್ಟಿಗೆ ಸರಿಬರುತ್ತದೆ. ಅಕ್ಷಾಂಶಕ್ಕೆ ತಕ್ಕಂತೆ ಉಪಗ್ರಹಗಳ ಸಾಂದ್ರತೆ ಬದಲಾಗುವುದಕ್ಕೆ ಮಾತ್ರ ಬೇರೆ ತಿದ್ದುಪಡಿ ಬೇಕು. ಸಿಮ್ಯುಲೇಟರ್ ಏನಾಗುತ್ತದೆ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆ ಕಾರಣಕ್ಕೆ ಇಂಥ ಸೂತ್ರಗಳ ಪರ ನನ್ನ ಒಲವು.

ಮಾಪನದ ಸರದಿ ಆಮೇಲೆ ಬಂತು. ಸ್ಟಾರ್‌ಲಿಂಕ್ ತನ್ನ ಒಳಗುಟ್ಟು ಹೇಳುವುದಿಲ್ಲ. ಹೊರಗಿನಿಂದ ಅಳೆದ ಸಂಶೋಧಕರಿಗೆ ವಿಳಂಬವು 15 ಸೆಕೆಂಡಿಗೊಮ್ಮೆ ಥಟ್ಟನೆ ಬದಲಾಗುವುದು ಕಂಡಿತು. ಬಳಕೆದಾರರ ಯಾವ ತಟ್ಟೆ ಆಂಟೆನಾಕ್ಕೆ ಯಾವ ಉಪಗ್ರಹ ಎಂಬ ಹಂಚಿಕೆ ಅಷ್ಟಷ್ಟು ಹೊತ್ತಿಗೊಮ್ಮೆ ನಡೆಯುತ್ತದೆ. ವೆರ್ನರ್ ಕಾಗದದ ಮೇಲೆ ಕತ್ತರಿಸಿದ್ದ ಕಾಲದ ತುಣುಕು ಇಲ್ಲಿ ನಿಜಕ್ಕೂ ಮಿಡಿಯುತ್ತಿತ್ತು.

ಈಗಿನ ಹುರುಪೆಲ್ಲ ಸಾಮಾನ್ಯ ಮೊಬೈಲನ್ನೇ ನೇರವಾಗಿ ಉಪಗ್ರಹಕ್ಕೆ ಜೋಡಿಸುವುದರಲ್ಲಿದೆ. 2022ರಲ್ಲಿ ಬಂದ ಮೊಬೈಲ್ ಮಾನಕದ 17ನೇ ಆವೃತ್ತಿ ಉಪಗ್ರಹಕ್ಕೂ ಜಾಗ ಕೊಟ್ಟಿತು. ಅದೇ ವರ್ಷ ಆಪಲ್, ಗ್ಲೋಬಲ್‌ಸ್ಟಾರ್ ಮೂಲಕ ತುರ್ತು ಸಂದೇಶದ ಸೌಲಭ್ಯ ತೆರೆಯಿತು. 600 ಕಿ.ಮೀ. ಎತ್ತರದ ಉಪಗ್ರಹದ ಓಟದಿಂದ 2 ಗಿಗಾಹರ್ಟ್ಜ್ ಸಂಕೇತ 48 ಕಿಲೊಹರ್ಟ್ಜ್‌ವರೆಗೆ ಪಲ್ಲಟವಾಗುತ್ತದೆ, ಅದನ್ನು ಫೋನು ಮೊದಲೇ ಸರಿದೂಗಿಸಬೇಕು. ಆಪಲ್‌ನ ಸಂದೇಶ ಬಯಲಿನಲ್ಲಿ ಕೆಲವು ಸೆಕೆಂಡುಗಳಲ್ಲಿ ಹೋದರೆ ಮರದಡಿ ಒಂದು ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಗೋಲ್ಡ್‌ಹಿರ್ಶ್ ಮತ್ತು ವೋಗೆಲ್ ಅಳೆದ ಎಲೆಗಳು ಹಾಗೇ ಇವೆ.

ಇಂಥ ಸೇವೆಯ ಮುಖ್ಯ ಸಮರ್ಥನೆ ವಿಪತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳ ಸಂಪರ್ಕ ಕಡಿದುಹೋದಂಥ ಹೊತ್ತಿನಲ್ಲಿ ಮೇಲಿನಿಂದ ಬರುವ ಸಂಕೇತವೊಂದೇ ಗತಿ. ಮಾದರಿಗಳ ಅತ್ಯಂತ ಹಳೆಯ ನಂಬಿಕೆ ಪರೀಕ್ಷೆಗೆ ಬೀಳುವುದೂ ಅಲ್ಲೇ. ಎರ್ಲಾಂಗ್‌ನಿಂದ ಇಲ್ಲಿಯವರೆಗೆ ಉಪಗ್ರಹ ಚಲಿಸಿದೆ, ನೆರಳು ಚಲಿಸಿದೆ, ಜಾಲದ ನಕಾಶೆ ಚಲಿಸಿದೆ. ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕರೆ ಮಾಡುತ್ತಾರೆ ಎಂಬ ಊಹೆಯನ್ನು ಮಾತ್ರ ಹೆಚ್ಚಿನವರು ಕದಲಿಸಿಲ್ಲ. ಗುಡ್ಡ ಕುಸಿದಾಗ ಎಲ್ಲರೂ ಒಂದೇ ಗಳಿಗೆಯಲ್ಲಿ, ಒಂದೇ ಬೀಮಿನೊಳಗಿಂದ, ಒಂದೇ ಕಾರಣಕ್ಕೆ ಕರೆ ಮಾಡುತ್ತಾರೆ. ಸಿಗದವರು ಎರ್ಲಾಂಗನ ಸೂತ್ರ ಹೇಳುವಂತೆ ಸುಮ್ಮನಾಗುವುದಿಲ್ಲ, ಮತ್ತೆಮತ್ತೆ ಒತ್ತುತ್ತಾರೆ. ಕ್ಲೈನ್‌ರಾಕ್ ಮತ್ತು ಲ್ಯಾಮ್ ಎಚ್ಚರಿಸಿದ್ದ ಸಿಕ್ಕು ಅಲ್ಲಿಂದ ಶುರು. ಒಂದು ಬೀಮಿಗೆ ಏಕಕಾಲಕ್ಕೆ ಮುನ್ನೂರು ಕರೆ ಹಿಡಿಸುತ್ತದೆ ಎಂದಿಟ್ಟುಕೊಳ್ಳಿ. ಸಾಮಾನ್ಯ ದಿನ ಅದು ಕಾಡಂಚಿನ ಹತ್ತಾರು ಊರುಗಳಿಗೆ ಧಾರಾಳ, ಅಂಥ ದಿನ ಒಂದು ಹೋಬಳಿಗೂ ಸಾಲದು. ಮರುಪ್ರಯತ್ನದ ಸರದಿಗಳ ಗಣಿತ 1950ರ ದಶಕದಿಂದಲೂ ಇದೆ, ಗೊಂಚಲಾಗಿ ಬರುವ ಕರೆಗಳ ಗಣಿತವೂ ಇದೆ. ಸರಿಯುವ ಬೀಮಿನೊಳಗೆ ಎರಡನ್ನೂ ಕೂಡಿಸಿ, ಆಂಬುಲೆನ್ಸಿನ ಕರೆಗೆ ಎಷ್ಟು ಚಾನೆಲ್ ಮೀಸಲಿಟ್ಟರೆ ಉಳಿದವರ ಪೈಕಿ ಎಷ್ಟು ಮಂದಿಗೆ ಬರೀ ಪಠ್ಯಸಂದೇಶವಾದರೂ ದಕ್ಕುತ್ತದೆ ಎಂದು ಹೇಳುವ ಲೆಕ್ಕಗಳು ಇನ್ನೂ ಎಳೆಯವು.